ಮೂರು ಹೆಣ್ಣು, ಕಪ್ಪತಗುಡ್ಡ

ಉದ್ದ: ಒಂದು ಮಿಲಿಮೀಟರಿಗೂ ಕಡಿಮೆ.
ರಾಜಗಿರಿ ಕಾಳಿನ ಪಕ್ಕ ಇಟ್ಟರೆ ಕಾಳೇ ಕೊಂಚ ದೊಡ್ಡದು.
ಬಣ್ಣ: ಕಂದು, ಎಂದು ಬರೆದೆ. ಹೊಡೆದು ಹಾಕಿದೆ.
ಹಳೆ ಅಗಸಿ ಎಣ್ಣೆಯನ್ನು ಬಿಸಿಲಿಗೆ ಹಿಡಿದರೆ
ಸೀಸೆಯ ತಳದಲ್ಲಿ ನಿಲ್ಲುವ ಬಣ್ಣ.
ಪತ್ರಿಕೆಯವರು ಇದನ್ನು ಒಪ್ಪುವುದಿಲ್ಲ.
ಕಂದು, ಎಂದು ಮತ್ತೆ ಬರೆದೆ.

ಮೀಸೆಗೆ ಹನ್ನೆರಡು ಗೆಣ್ಣು, ತುದಿಯ ಮೂರು ಕೂಡಿ ಒಂದು ಗದೆ.
ಮುಂದಿನ ರೆಕ್ಕೆಗೆ ನರವೆಂದರೆ ಒಂದೇ ಗೆರೆ,
ಅದೂ ಅರ್ಧದಲ್ಲಿ ಮನಸ್ಸು ಬದಲಿಸಿದೆ.
ಅಂಚಿನ ಕೂದಲು ರೆಕ್ಕೆಯ ಅಗಲಕ್ಕಿಂತ ಉದ್ದ.
ಇವಳದು ಹಾರಾಟವಲ್ಲ,
ದಪ್ಪ ಗಾಳಿಯಲ್ಲಿ ಹುಟ್ಟು ಹಾಕುವುದು.
ಬೆನ್ನ ಮೇಲೆ, ಅಕ್ಕತಂಗಿಯರು ಯಾರಿಗೂ ಇಲ್ಲದ
ಕೂದಲೆಳೆಯಷ್ಟು ಒಂದು ಏಣು.
ಅಷ್ಟಕ್ಕೇ ಇವಳು ಹೊಸಬಳು.
ನನಗೆ ಹೊಸಬಳು. ಗುಡ್ಡಕ್ಕಲ್ಲ.

ಸಿಕ್ಕ ಸ್ಥಳ: ಗದಗ ಜಿಲ್ಲೆ, ಡೋಣಿಯಿಂದ ಮೇಲೆ,
ಗಾಳಿಯಂತ್ರದ ಕಂಬದ ಕೆಳಗೆ, ಬಾದೆ ಹುಲ್ಲಿನ ನಡುವೆ.
ಹಳದಿ ತಟ್ಟೆ, ಸಾಬೂನು ನೀರು.
ಸಂಗ್ರಹಿಸಿದವರು: ಫ. ಹು. ನದಾಫ.

ತಟ್ಟೆ ಹುಬ್ಬಳ್ಳಿಯ ದುರ್ಗದಬೈಲಿನದು,
ಯಾರದೋ ಮದುವೆಗೆ ತರಿಸಿ ಉಳಿದ ಮಾಲು, ಡಜನ್ನಿನ ಮೇಲೆ ಎರಡು ಪುಕ್ಕಟೆ.
"ಹಳದಿ ಕಂಡ್ರ ಹುಳಕ್ಕೂ ಲಗ್ನದ ಮನಿ ಅನಸ್ತೈತೇನ್ರಿ ಮೇಡಂ?"
ಅಂದಿದ್ದರು ಫಕ್ರುಸಾಬ.
ಅಜ್ಜನ ಕಾಲದ ತನಕ ಹತ್ತಿ ಹಿಂಜಿದ ಮನೆತನ;
ಹಗುರ ಎಂದರೇನೆಂದು ಅವರ ಬೆರಳಿಗೆ ಗೊತ್ತು.
ಬೆಕ್ಕಿನ ಮೀಸೆಯ ಕೂದಲೊಂದನ್ನು ಕಡ್ಡಿಗೆ ಅಂಟಿಸಿ
ಇವಳನ್ನೆತ್ತಿ ಕಾಗದದ ಮೊನೆಗೆ ಕೂರಿಸುವಾಗ
ಫ್ಯಾನು ಆರಿಸುತ್ತೇವೆ, ಉಸಿರನ್ನೂ.
ಎರಡನೆಯವಳ ಎಡಗಾಲು ಮುರಿದದ್ದು ನನ್ನ ಸೀನಿಗೆ.
ಅದನ್ನೂ ದಾಖಲಿಸಿದ್ದೇನೆ.
ಕಾಲನ್ನು. ಸೀನನ್ನಲ್ಲ.

ಅವ್ವ ಹೇಳುತ್ತಿದ್ದಳು:
ಕಣಜ ಹುಳಾ ಹೊತ್ತು ತಂದು, ಗೂಡಿನ್ಯಾಗ ಇಟ್ಟು,
ಗುಂಯ್ ಅಂತ ಕಿವಿಯಾಗ ಊದಕೋತ ಕೂಡತೈತಿ.
ಕೇಳಿ ಕೇಳಿ ಹುಳಾನ ಕಣಜ ಆಗತೈತಿ. ಗುರು ಅಂದ್ರ ಹಂಗ.
ಮೈಕ್ರೋಸ್ಕೋಪಿನಲ್ಲಿ ಹುಳು ಏನೂ ಆಗುವುದಿಲ್ಲ.
ಖಾಲಿ ಆಗುತ್ತದೆ.
ಸಿಪ್ಪೆಗೊಂದು ದುಂಡು ತೂತು, ಒಳಗಿಂದ ಕಡಿದದ್ದು.
ಅವ್ವನಿಗೆ ನಾನಿದನ್ನು ಹೇಳಲಿಲ್ಲ.
ಕಾಳು ತುಂಬಿಡುವ ಜಾಗಕ್ಕೂ ಕಣಜ ಅನ್ನುತ್ತೇವೆ.
ಒಂದು ಮೊಟ್ಟೆ, ಇವಳ ಮರಿಗೆ ವರ್ಷವಿಡೀ ಸುಗ್ಗಿ.
ತುಂಬುವುದಕ್ಕೂ ತಿಂದು ಮುಗಿಸುವುದಕ್ಕೂ ಒಂದೇ ಹೆಸರಿಟ್ಟವರಿಗೆ
ಗೊತ್ತಿತ್ತೋ ಏನೋ. ಗೊತ್ತಿರಲಿಕ್ಕಿಲ್ಲ.
ಎರಡು ಶಬ್ದ ಒಂದೇ ಅಂಗಳಕ್ಕೆ ಬಿದ್ದಿರಬೇಕು.

ಇನ್ನು ಹೆಸರು.
"ನಿಮ್ಮದೇ ಇಡೋಣ" ಅಂದೆ.
ಮೂವತ್ತೊಂದು ವರ್ಷದ ನೌಕರಿ, ಜುಲೈಗೆ ಮುಗಿಯುತ್ತದೆ.
ಅವರು ಕೈ ಒರೆಸಿಕೊಂಡರು, ಒಣಗಿದ ಮೇಲೂ ಒರೆಸಿಕೊಂಡರು.
"ಬ್ಯಾಡ್ರಿ. ಮಂದಿ ತತ್ತ್ಯಾಗ ತತ್ತಿ ಇಡಾಕಿಗೆ ನಮ್ಮ ಹೆಸರು ಯಾಕ್ರಿ.
ಮನ್ಯಾಗ ಕೇಳಿದ್ರ ನಗತಾರ."
ಆಮೇಲೆ ಬಾಗಿಲ ಹತ್ತಿರ ನಿಂತು,
"ಇಟ್ಟಿದ್ರ ಸ್ಪೆಲಿಂಗ್ ಹ್ಯಾಂಗ ಬರೀತಿದ್ರಿ?"
ಬರೆದು ತೋರಿಸಿದೆ, ಲ್ಯಾಟಿನ್ ಬಾಲದ ಸಮೇತ.
ಚೀಟಿ ಮಡಚಿ ಕಿಸೆಗೆ ಹಾಕಿಕೊಂಡರು.

ಉಳಿದದ್ದು ಎರಡು ಸಾಲು.
ಗಂಡು: ತಿಳಿದಿಲ್ಲ.
ಆತಿಥೇಯ: ತಿಳಿದಿಲ್ಲ.
ಯಾರ ಮನೆಯಲ್ಲಿ ಉಂಡೆದ್ದು ಬಂದಳೋ,
ಯಾವ ಎಲೆಯ ಬೆನ್ನಿಗೆ ಆ ಮನೆ
ದುಂಡು ಬಾಗಿಲು ತೆರೆದುಕೊಂಡು ಇನ್ನೂ ಅಂಟಿಕೊಂಡಿದೆಯೋ.

ಧಾರವಾಡದಲ್ಲಿ ಜಿಟಿಜಿಟಿ ಹಿಡಿದಿದೆ.
ನಾಡದು ಮತ್ತೆ ಡೋಣಿಗೆ ಜೀಪು.
ಹಿತ್ತಲ ನಲ್ಲಿಯಲ್ಲಿ ಫಕ್ರುಸಾಬ ತಟ್ಟೆ ತೊಳೆದು
ಕಟ್ಟೆಯ ಮೇಲೆ ಬೋರಲು ಹಾಕುತ್ತಿದ್ದಾರೆ,
ಒಂದೊಂದೇ, ಸದ್ದು ಮಾಡದೆ.