ಬೈಟು

ಆಸ್ಪತ್ರೆಯ ಹಿಂದೆ, ಮೊದಲು ಬೆಡ್‌ಶೀಟು ಒಗೆಯುತ್ತಿದ್ದ ಕೋಣೆ.
ಗೋಡೆಗೆ ಇನ್ನೂ ಸೋಪಿನ ವಾಸನೆ.
ಅಲ್ಲಿ ನಮಗೆ ಕ್ಲಾಸು: ಹತ್ತು ವಾರ, ಹನ್ನೊಂದು ಜನ,
ಮಧ್ಯಾಹ್ನ ಚಿತ್ರಾನ್ನ, ಹೋಗಿಬರೋ ಬಸ್ ಚಾರ್ಜು.

ಟ್ಯಾನರಿ ರೋಡಿನ ಷಫೀವುಲ್ಲಾ ಇದ್ದ.
ವೈಟ್‌ನರ್ ಮೂಸಿ ಮೂಸಿ ಈಗ ಅವನಿಗೆ
ಮನೆಯಲ್ಲಿ ಬಿರಿಯಾನಿ ಬೆಂದದ್ದೂ ತಿಳಿಯದು.
ಲಿಂಗರಾಜಪುರದ ರೂತ್ ಮೇರಿ, ಕಸದ ಗಾಡಿ ತಳ್ಳುವಾಗ
ನಾತಕ್ಕೆಂದು ಶುರುಮಾಡಿದ ಸ್ಯಾಚೆ ಸಂಜೆಗೂ ಬೇಕಾದವಳು.
ನಾನು ಗಂಗಹನುಮಯ್ಯ, ಮೆಜೆಸ್ಟಿಕ್ಕಿನ ಹಳೇ ಕಂಡಕ್ಟರು,
ಚೀಲದ ಕಲೆಕ್ಷನ್ ಕುಡಿದು ಸಸ್ಪೆಂಡ್ ಆದವನು.
ಬಿಟ್ಟು ಆರು ವರ್ಷ ನಾಲ್ಕು ತಿಂಗಳು.
ದಿನ ಹೇಳೋದಿಲ್ಲ, ದೃಷ್ಟಿಯಾಗುತ್ತೆ.

ಮೊದಲ ವಾರ ಕಲಿಸಿದ್ದು ಬಾಯಿ ಮುಚ್ಚೋದು.
ಬುದ್ಧಿ ಹೇಳಬಾರದು. ಆಣೆ ಹಾಕಿಸಬಾರದು.
'ನನ್ನ ನೋಡಿ ಕಲಿ' ಅನ್ನಲೇಬಾರದು.
ನಮ್ಮ ಕತೆ, ಸಾರಿಗೆ ಇಂಗಿನಷ್ಟು.
ಇಂಗಿನ ಮಾತು ರೂತ್‌ದು. ಬೋರ್ಡಿನ ಮೇಲೆ ಬೇರೆ ಏನೋ ಬರೆದಿತ್ತು.

ಎರಡನೇ ವಾರ ಬ್ಯಾಡ್ಜಿನ ಜಗಳ.
'ಚೇತರಿಕೆ ತಜ್ಞ' ಅಂತ ಅಚ್ಚು ಹಾಕಿಸಿ ತಂದಿದ್ದರು.
ಯಾವುದರಲ್ಲಿ ತಜ್ಞ ಡಾಕ್ಟ್ರೇ, ಷಫೀ ನಕ್ಕ,
ಮೋರೀಲಿ ಮಲಗೋದರಲ್ಲಾ?
ಅದರಲ್ಲೇ, ಅಂದರು ಡಾಕ್ಟರ್ ಮೆನೆಜಸ್, ನಗದೆ.
ಆ ಪುಸ್ತಕ ನಾವು ಓದಿಲ್ಲ.

ಆಮೇಲೆ ನಾಟಕ. ಅವರು ಪೇಷೆಂಟು, ನಾನು ನಾನೇ.
ಎರಡೂ ಕೈ ಮುಂದೆ ಚಾಚಿ ಗಡಗಡ ನಡುಗಿಸಿದರು,
ಮಾರಮ್ಮ ಮೈಮೇಲೆ ಬಂದವರ ಹಾಗೆ.
ಹಾಗಲ್ಲ ಡಾಕ್ಟ್ರೇ, ಅಂದೆ.
ನಡುಗೋ ಕೈ ಯಾರೂ ಚಾಚಲ್ಲ.
ಕಂಕುಳಲ್ಲಿ ಸಿಕ್ಕಿಸ್ತೀವಿ, ತೊಡೆ ಕೆಳಗಿಟ್ಟು ಕೂರ್ತೀವಿ,
ಟಿಕೆಟ್ ಹರಿಯೋವಾಗ ಬಸ್ಸು ಕುಲುಕಿಸಬೇಡ ಅಂತ
ಡ್ರೈವರಿಗೆ ಬೈತೀವಿ.
ಬಸ್ಸು ಸಿಗ್ನಲ್ಲಲ್ಲಿ ನಿಂತಿರುತ್ತೆ.

ಅವರು ಬರೆದುಕೊಂಡರು.
ಅಷ್ಟು ಓದಿದ ಪೆನ್ನು ನನ್ನ ಮಾತು ಬರೆಯೋದು ನೋಡಿ
ಯಾಕೋ ಭಯವಾಯಿತು.

ಎಂಟನೇ ವಾರ ವಾರ್ಡಿಗೆ ಬಿಟ್ಟರು.
ಮುಂದೆ ಡಾಕ್ಟರು, ಸಿಸ್ಟರ್ ಯಶೋಧಮ್ಮ, ಸೋಷಿಯಲ್ ವರ್ಕರು,
ಇಬ್ಬರು ಪಿ.ಜಿ. ಹುಡುಗರು, ಬಾಲದಲ್ಲಿ ನಾನು.
ಎಲ್ಲಿ ನಿಲ್ಲಬೇಕೆಂದು ಮಾತ್ರ ಯಾರೂ ಕಲಿಸಿರಲಿಲ್ಲ.
ಫುಟ್‌ಬೋರ್ಡಿನ ಅಭ್ಯಾಸ, ಬಾಗಿಲಲ್ಲಿ ನಿಂತೆ.

ಒಂಬತ್ತನೇ ಮಂಚ. ಲಗ್ಗೆರೆಯ ಟೈಲ್ಸ್ ಮೇಸ್ತ್ರಿ ದೊಡ್ಡೀರಯ್ಯ.
ನಿನ್ನೆಯಿಂದ ಏನೂ ಬಾಯಿಗಿಟ್ಟಿಲ್ಲ.
ಫೈಲಿನಲ್ಲಿ 'ಸಹಕರಿಸುತ್ತಿಲ್ಲ' ಅಂತಿತ್ತು.
ಪಕ್ಕದಲ್ಲಿ ಟೀ, ಅಂಚಿನ ತನಕ ತುಂಬಿ, ಕೆನೆ ಕಟ್ಟಿ.
ಕೈ ಎರಡೂ ಕಂಬಳಿಯೊಳಗೆ.

ರೌಂಡ್ಸು ಮುಂದೆ ಹೋಯಿತು, ನಾನು ಉಳಿದೆ.
ಸಿಸ್ಟರೇ, ಇನ್ನೊಂದು ಲೋಟ ಕೊಡಿ.
ಬೈಟು ಮಾಡಿದೆ.
ಅರ್ಧ ಲೋಟ ಚೆಲ್ಲುವುದಿಲ್ಲ.
ಎಷ್ಟು ನಡುಗಿದರೂ ಒಳಗೊಳಗೇ ತುಳುಕಿ ಸುಮ್ಮನಾಗುತ್ತೆ.

ಗೋಡೆ ಕಡೆ ತಿರುಗಿ ಕುಡಿದ.
ನಿಂದು ಎಷ್ಟು ವರ್ಷ?
ಬಿಟ್ಟಿದ್ದಾ, ಕುಡಿದಿದ್ದಾ?
ಕುಡಿದಿದ್ದು.
ಹದಿನಾಲ್ಕು.
ನಂದು ಇಪ್ಪತ್ತು, ಅಂದ, ಸೀನಿಯರ್ ಗತ್ತಿನಲ್ಲಿ.
ಆಮೇಲೆ ಮೆಲ್ಲಗೆ: ದಿಂಬಿನ ಕವರೊಳಗೆ ಒಂದು ಪ್ಯಾಕೆಟ್ಟಿದೆ.
ಇವರಿಗೆ ಹೇಳಬೇಡ.

ಕುತ್ತಿಗೆಯ ಬ್ಯಾಡ್ಜು ಆಗ ಭಾರವಾಯಿತು.
ಹೇಳಲೇಬೇಕು ಮೇಸ್ತ್ರಿ. ಮೈ ಮೇಲಿರೋದು ಇವರ ಮಾತ್ರೆ,
ಎರಡೂ ಸೇರಿದರೆ ಉಸಿರು ನಿಲ್ಲುತ್ತೆ.
ನೀನೇ ಹೇಳು, ನಾನು ಪಕ್ಕದಲ್ಲಿರ್ತೀನಿ.
ಅವನು ಹೇಳಲಿಲ್ಲ. ನಾನು ಹೇಳಿದೆ.

ಎರಡು ದಿನ ನನ್ನ ಕಡೆ ನೋಡಲಿಲ್ಲ.
ಕಂಡಕ್ಟರ್ ಬುದ್ಧಿ, ಅಂತ ಒಂಬತ್ತಕ್ಕೂ ಹತ್ತಕ್ಕೂ ಕೇಳುವಂತೆ ಅಂದ.
ಚೆಕಿಂಗಿನವರ ಜೊತೆ ಸೇರಿಕೊಂಡವನು.
ಫೈಲಿನಲ್ಲಿ ಮಾತ್ರ, ಮಾತ್ರೆಗಳ ಪಟ್ಟಿಯ ಕೆಳಗೆ,
ಸಿಸ್ಟರ್ ಕೈಬರಹ: ಟೀ, ಅರ್ಧ ಲೋಟ, ಎರಡು ಸಲ.

ಮೂರನೇ ಬೆಳಿಗ್ಗೆ ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಹಾಕಿಕೊಂಡು
ಓಡೋಡಿ ಬಂದರೆ
ಮಂಚದ ಪಕ್ಕ ಎರಡು ಲೋಟ, ಎರಡೂ ಖಾಲಿ.
ನನ್ನರ್ಧ ಎಲ್ಲಿ, ಅಂದೆ.
ಕುಡಿದೆ, ಅಂದ. ನೀನು ಲೇಟು.