ಹನ್ನೊಂದು ಚೀಲ

ಸೋಮವಾರ ಈಜುಕೊಳಕ್ಕೆ ರಜೆ.
ಗೇಟಿಗೆ ಬೀಗ ಜಡಿದು, ಮೋಟಾರು ನಿಲ್ಲಿಸಿ,
ಗೇಜಿನ ಮುಳ್ಳು ಸೊನ್ನೆಗೆ ಬಿದ್ದ ಮೇಲೆ
ಫಿಲ್ಟರಿನ ತಲೆ ಬಿಚ್ಚಿದೆವು, ನಾನು ಮತ್ತು ಅಂಜಿನಿ.
ಮುಚ್ಚಳ ಎದ್ದಾಗ ಮುಖಕ್ಕೆ ಬಡಿದ ವಾಸನೆ:
ಕ್ಲೋರಿನ್ನು, ಕೊಬ್ಬರಿ ಎಣ್ಣೆ,
ಐದು ಬೇಸಿಗೆಯ ಮಕ್ಕಳ ತಲೆ.

ಒಳಗೆ ಮರಳು ಮರಳಾಗಿ ಉಳಿದಿರಲಿಲ್ಲ.
ಪಾಕ ಕೆಟ್ಟ ಉಂಡೆಯ ಹಾಗೆ ಗಂಟು ಗಂಟು,
ನಡುನಡುವೆ ಇಲಿಬಿಲದಂಥ ದಾರಿ.
ನೀರು ಸೋಸಿಸಿಕೊಳ್ಳದೆ ಇಷ್ಟು ದಿನ
ಆ ದಾರಿಯಲ್ಲೇ ನುಸುಳಿ ಹೋಗುತ್ತಿತ್ತು.
ಅದಕ್ಕೇ ಕೊಳಕ್ಕೆ ಮಜ್ಜಿಗೆ ಬಣ್ಣ.
ಅದಕ್ಕೇ ವಿದ್ಯಾನಗರದ ಡಾಕ್ಟರಮ್ಮ
ಮಗಳ ಕಣ್ಣು ಕೆಂಪಾಯಿತೆಂದು ನನ್ನ ಮೇಲೆ ರೇಗಿದ್ದು.

ಒಂದು ಚಿಟಿಕೆ ಬೆರಳ ನಡುವೆ ತಿಕ್ಕಿ ನೋಡಿದೆ.
ಮರಳು ಬದುಕಿದೆಯೋ ಸತ್ತಿದೆಯೋ ತಿಳಿಯಲು
ನನಗೆ ಕಂಪನಿಯ ಪುಸ್ತಕ ಬೇಡ.
ಬುಡೇನ್ ಸಾಬರ ಮಂಡಕ್ಕಿ ಭಟ್ಟಿಯಲ್ಲಿ ಹುಟ್ಟಿದವನು ನಾನು,
ಹೊಟ್ಟಿನ ಚೀಲಗಳ ಹಿಂದೆ, ಎರಡು ಪಾಳಿಗಳ ನಡುವೆ.
ಅಲ್ಲಿಯ ಮರಳು ಹರಿಹರದ ಹೊಳೆಯದು, ಇದ್ದಿಲಿನಷ್ಟು ಕಪ್ಪು.
ಅಮ್ಮ ಕಡಾಯಿಯ ಮೇಲೆ ಅಂಗೈ ಹಿಡಿದು
"ಇನ್ನೂ ಎರಡು ಉಸಿರು" ಅನ್ನುತ್ತಿದ್ದಳು.
ಎರಡು ಉಸಿರಾದ ಮೇಲೆ ಅಕ್ಕಿ ಸುರಿದರೆ
ಕಡಾಯಿ ತುಂಬ ಒಮ್ಮೆಗೇ ಹಲ್ಲು ಮೂಡುತ್ತಿದ್ದವು.
ಆಮೇಲೆ ಜರಡಿ. ಮರಳು ಕೆಳಗೆ, ಮಂಡಕ್ಕಿ ಮೇಲೆ.
ಮಂಡಕ್ಕಿ ಊರೆಲ್ಲ ಹೋಯಿತು.
ನಮ್ಮ ಪಾಲಿಗೆ, ಹಾಸಿಗೆಯಲ್ಲಿ, ಕಿವಿಯಲ್ಲಿ,
ಅವಳ ಸೆರಗಿನ ಗಂಟಿನಲ್ಲಿ,
ಮರಳು.

ಇಲ್ಲಿ ಉಲ್ಟಾ. ನೀರು ಹೋಗಬೇಕು, ಮರಳು ನಿಲ್ಲಬೇಕು.

ಡಬ್ಬಿ ಡಬ್ಬಿಯಾಗಿ ತೋಡಿದೆವು.
ಮೋಟಾರಿನ ಜಾಲರಿ ಒಡೆದು ಎಷ್ಟು ದಿನವಾಗಿತ್ತೋ,
ಅಂಜಿನಿ ಹೆಕ್ಕುತ್ತ ಹೋದ:
ಓಲೆಯ ತಿರುಪು. ಗಾಯದ ಪಟ್ಟಿ ನಾಲ್ಕೋ ಐದೋ.
ಕೂದಲು ಹೊಸೆದುಕೊಂಡು ತಾನೇ ಆದ ಒಂದು ಹಗ್ಗ.
ಒಂದು ಹಾಲುಹಲ್ಲು.
"ಇದನ್ನೇನ್ ಮಾಡ್ಲಣ್ಣ?"
ಸೂರಿನ ಮೇಲೆ ಎಸಿ ಅಂದೆ.
ತಗಡಿನ ಮೇಲೆ ಟಣ್ಣೆಂದು, ಉರುಳಿ, ಎಲ್ಲೋ ನಿಂತಿತು.

ತಳದಲ್ಲಿ ಎಂಟು ಪ್ಲಾಸ್ಟಿಕ್ ಬೆರಳು,
ಸೀಳು ಸೀಳು, ಬಿಚ್ಚಿ ಮಲಗಿದ ಕೈಯಂತೆ.
"ಮೊದಲು ಅರ್ಧ ನೀರು ತುಂಬು, ಆಮೇಲೆ ಮರಳು.
ನಡುವಿನ ಪೈಪಿನ ಬಾಯಿಗೆ ಬಟ್ಟೆ ಕಟ್ಟು"
ಹೇಳಿ ಚಾ ತರಲು ಹೋದೆ.
ಬಟ್ಟೆ ಕಟ್ಟಿದ. ನೀರು ಮರೆತ.

ಮಂಗಳವಾರ ಬೆಳಗ್ಗೆ ತಿಳಿನೀರು.
ಆದರೆ ನೀರು ಬರುವ ತೂತಿನ ಕೆಳಗೆ, ನೀಲಿ ಟೈಲಿನ ಮೇಲೆ,
ಯಾರೋ ರಂಗೋಲಿಗೆ ಕೂತು ಎದ್ದುಹೋದ ಹಾಗೆ
ಬಿಳಿಯ ಒಂದು ಎಳೆ.
ಅಂಜಿನಿ ನನ್ನ ಮುಖ ನೋಡಲಿಲ್ಲ.
"ಲಟಕ್ ಅಂತು ಅಣ್ಣ, ನಿನ್ನೆ. ಮೊದಲನೇ ಚೀಲಕ್ಕೇ."

ಅಮ್ಮನ ಎಡಗೈ ಕಿರುಬೆರಳು ಇವತ್ತಿಗೂ ಮಡಚುವುದಿಲ್ಲ.
ಬೆಂದ ದಿನ ಅವಳೂ ಯಾರಿಗೂ ಹೇಳಿರಲಿಲ್ಲ,
ಹೇಳಿದರೆ ಪಾಳಿ ಹೋಗುತ್ತದೆಂದು.

"ಬೆರಳು ಇನ್ನೂರು ರೂಪಾಯಿ ಕಣೋ" ಅಂದೆ,
"ಡಬ್ಬಿ ತಗೋ."
ಹನ್ನೊಂದು ಚೀಲ ಹೊರಗೆ. ಹನ್ನೊಂದು ಚೀಲ ಒಳಗೆ.
ಈ ಸಲ ಅವನೇ ನೀರು ಬಿಟ್ಟ,
ನೀರಿನೊಳಗೆ ಮರಳು ಸದ್ದಿಲ್ಲದೆ ಇಳಿಯುವುದನ್ನು
ಬಗ್ಗಿ ನೋಡುತ್ತ ಕೂತ.
ಕೊನೆಗೆ ಹಿಮ್ಮುಖ ನೀರು; ಗಾಜಿನ ಬಿಲ್ಲೆಯಲ್ಲಿ
ಗಂಜಿ, ಆಮೇಲೆ ಅಕ್ಕಿ ತೊಳೆದ ನೀರು, ಆಮೇಲೆ
ಏನೂ ಇಲ್ಲ.

ರಾತ್ರಿ ಖಾರ ಮಂಡಕ್ಕಿ ಕಲಸುತ್ತ ಅಮ್ಮ ಕೇಳಿದಳು,
ಹಳೇ ಮರಳು ಏನು ಮಾಡಿದಿರಿ?
ಕಾಂಪೌಂಡಿನ ಪಕ್ಕ ಸುರಿದಿದ್ದೇವೆ.
ಕಡಾಯಿಗೆ ಬರಲ್ಲಮ್ಮ, ಊರಿನ ಬೆವರೆಲ್ಲ ಕುಡಿದಿದೆ.
"ನಮ್ಮದೇನು ಪನ್ನೀರು ಕುಡಿದಿತ್ತೇನೋ?"
ನಕ್ಕು, ನನ್ನ ಕಿವಿಯ ಹಿಂದೆ ಬೆರಳಾಡಿಸಿ
ಒಂದು ಕಾಳು ತೆಗೆದಳು,
ಟ್ಯೂಬ್‌ಲೈಟಿಗೆ ಹಿಡಿದು ನೋಡಿದಳು.

"ಹೊಸದು" ಅಂದಳು.