ಮೇಜಿನ ಮೇಲಿನ ಬೆಟ್ಟ

ಕಕ್ಕಬ್ಬೆಯಲ್ಲಿ ಬಸ್ಸಿಳಿದ ಸಂಜೆ
ನಮ್ಮ ಬಳಿ ಇದ್ದದ್ದು ಮೂರು ದಿನದ ರಜೆ,
ಎರಡು ಕೊಡೆ, ನಾಲ್ಕು ಕಾಲು. ಅದರಲ್ಲೂ
ಗುಲ್ನಾರಳ ಎಡ ಮಂಡಿ ಲೆಕ್ಕಕ್ಕಿಲ್ಲ.

ನಕಾಶೆ ಇದೆಯೇ ಎಂದದ್ದಕ್ಕೆ
ಮನೆಯೊಡತಿ ದೇಚಮ್ಮ ನಕ್ಕರು.
"ಕಾಗದದಲ್ಲಿ ಏರು ಗೊತ್ತಾಗೋದಿಲ್ಲ."
ತಟ್ಟೆ ಸರಿಸಿ, ಹಬೆಯಾಡುವ ಕಡಂಬುಟ್ಟು ಒಂದನ್ನು
ಮೇಜಿನ ನಡುವೆ ಇಟ್ಟರು:
ಇದು ತಡಿಯಂಡಮೋಳ್.
ಉಪ್ಪಿನ ಬಟ್ಟಲು ನಾಲ್ಕುನಾಡು ಅರಮನೆ,
ಅಲ್ಲಿವರೆಗೆ ಜೀಪು. ಆಮೇಲೆ ನೀವುಂಟು, ಅದುಂಟು.
ಚಮಚದ ತುದಿಯಿಂದ ಕಾಚಂಪುಳಿ ಎಳೆದರು,
ಕಪ್ಪು ತೊರೆಯೊಂದು ಮೇಜಿನಂಚಿಗೆ ಹರಿಯಿತು.
"ಬಾಟಲಿ ಇಲ್ಲೇ ತುಂಬಿಸ್ಕೊಳ್ಳಿ.
ಮೇಲೆ ಸಿಗೋದು ಗಾಳಿ ಮಾತ್ರ."

ಎರಡನೆಯ ದಿನಕ್ಕೆ
ಬೇಯಿಸಿದ ಕೋಳಿಮೊಟ್ಟೆ.
"ನಿಶಾನಿ ಮೊಟ್ಟೆ" ಅಂದರು, ಮುಖದಲ್ಲಿ ನಗುವಿಲ್ಲ.
ಗುಲ್ನಾರಳಿಗೆ ನೀರು ನೆತ್ತಿಗೇರಿತು.
ಇಲ್ಲಿ ಮೊಟ್ಟೆಯೆಂದರೆ ಗುಡ್ಡವಂತೆ.

ಮೋಳ್, ಮೊಟ್ಟೆ, ಕುಂದ್, ಬೆಟ್ಟ
ಎಂದು ಏರಿಗೆ ಇಷ್ಟೊಂದು ಹೆಸರಿರುವ ಸೀಮೆಯಲ್ಲಿ
ಚಿತ್ರದುರ್ಗದಿಂದ ಬಂದ ನಾವಿಬ್ಬರು,
ಕೋಟೆ ಊರಲ್ಲೇ ಇದ್ದರೂ
ಬ್ಯಾಂಕಿನ ಮೆಟ್ಟಿಲಷ್ಟೇ ಹತ್ತಿದವರು,
ಬೆರಳು ಮಡಚಿ ಗಂಟೆ ಎಣಿಸಿದೆವು.
ಐದೂವರೆಗೆ ಏಳುವುದು. ಏಳಕ್ಕೆ ಹೊರಡುವುದು.
ಹತ್ತಕ್ಕೆ ದೊಡ್ಡ ಬಂಡೆ.
ಬುತ್ತಿ ಬಿಚ್ಚುವುದು ಬಂಡೆಯಲ್ಲೋ ತುದಿಯಲ್ಲೋ
ಎಂಬುದಕ್ಕೇ ಅರ್ಧ ತಾಸು ಜಗಳ.
ನಮ್ಮೂರ ಬಂಡೆ ಬಿಸಿಲಿಗೆ ಕಾಯುತ್ತದೆ;
ಇಲ್ಲಿನ ಬಂಡೆ ಯಾರಿಗೆ ಕಾಯುತ್ತದೋ
ಎಂದೆ ನಾನು. ಯಾರೂ ಕೇಳಿಸಿಕೊಳ್ಳಲಿಲ್ಲ.

"ಮೂರನೇ ದಿನ?"
ದೇಚಮ್ಮ ಮೇಜಿನ ಮೇಲೆ ಏನನ್ನೂ ಇಡಲಿಲ್ಲ.
ಅಂಗೈಯಲ್ಲಿ ಆ ಜಾಗವನ್ನೊಮ್ಮೆ ಒರೆಸಿ
"ಅದನ್ನ ನಾಳಿದ್ದು ಸಂಜೆ ಇವರ ಮಂಡಿ ಹೇಳುತ್ತೆ" ಅಂದರು.
ಗುಲ್ನಾರ್ ಮಂಡಿಯನ್ನು
ಬೈಸಿಕೊಂಡ ಮಗುವಿನಂತೆ ಮೇಜಿನಡಿಗೆ ಎಳೆದುಕೊಂಡಳು.

ಕೋಳಿ ಸಾರು ಬಂತು. ಮಾತು ಎಲ್ಲೆಲ್ಲಿಗೋ ಹೋಯಿತು:
ಜಿಗಣೆ, ಜೇನು, ಹೊಸ ಮ್ಯಾನೇಜರ ಸಿಡುಕು,
ದೇಚಮ್ಮನವರ ತಂಗಿಯೊಬ್ಬಳು ಹದಿನಾರರಲ್ಲಿ
ಆ ತುದಿ ಹತ್ತಿ, ಗಾಳಿಗೆ ಸೆರಗು ಕೊಟ್ಟು
ಬರಿಗೈಯಲ್ಲಿ ಇಳಿದು ಬಂದು ಬೈಸಿಕೊಂಡದ್ದು.
ನೋಡಿದರೆ ಗುಲ್ನಾರ್
ತಡಿಯಂಡಮೋಳನ್ನು ಅರ್ಧಕ್ಕೆ ಮುರಿದು
ತೊರೆಯಲ್ಲಿ ಅದ್ದಿ ಬಾಯಿಗಿಟ್ಟು
ಹುಳಿಗೆ ಕಣ್ಣು ಕಿರಿದು ಮಾಡಿ ಕೂತಿದ್ದಳು.

ಬೆಳಗ್ಗೆ ಕಿಟಕಿ ತೆರೆದೆ.
ಬೆಟ್ಟವಿರಲಿಲ್ಲ.
ಬೇಲಿಯಾಚೆಗೆ ಬರೀ ಬಿಳುಪು,
ಎಲ್ಲೋ ಒಳಗೆ ಒಂದು ಹಕ್ಕಿ.
"ಆಣೆ ಮಾಡ್ತೀನಿ ಕಣೇ, ಪೂರ್ತಿ ತಿಂದಿಲ್ಲ"
ಹಾಸಿಗೆಯಿಂದಲೇ ಗುಲ್ನಾರ್, ಮಂಡಿಗೆ ಮುಲಾಮು ತಿಕ್ಕುತ್ತ.

ಏಳಕ್ಕಲ್ಲ, ಎಂಟೂಕಾಲಿಗೆ ಹೊರಟೆವು.
ಬಾಳೆಲೆಯಲ್ಲಿ ಸುತ್ತಿದ ಬುತ್ತಿ ಚೀಲದೊಳಗಿನ್ನೂ ಬೆಚ್ಚಗಿತ್ತು.
ಮೇಜಿನ ಮೇಲೆ ತೊರೆಯೊಂದೇ ಉಳಿದಿತ್ತು,
ಒಣಗಿ, ಉಗುರಿಗೂ ಏಳದೆ.
ನೀರು ತುಂಬಿಸುವ ಜಾಗದಲ್ಲಿ
ಅದು ಸ್ವಲ್ಪ ಎಡಕ್ಕೆ ತಿರುಗುತ್ತದೆ.